ಪಕ್ಕದ ಮನೆ ಅಜ್ಜಿ ಜೊತೆ ಭಾನುವಾರದ ಪೂಜೆಗೆ ಹೋಗಬೇಕು, ಚರ್ಚ್ ಒಳಗೆ ಹೇಗಿರಬೇಕು?

ಕುಕ್ಕರಹಳ್ಳಿ ದಂಡೆ:

ನಾವಿರುವುದು ಮೈಸೂರಿನಲ್ಲಿ. ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಕ್ಯಾಥೊಲಿಕರು, 78 ವರ್ಷ. ಮಗ ಕುವೈತ್‌ನಲ್ಲಿ. ನಮ್ಮ ಮಗಳು ಸ್ಕೂಲಿಂದ ಬಂದ ಮೇಲೆ ನಾನೂ ಹೆಂಡತಿಯೂ ಕೆಲಸದಿಂದ ಬರುವ ತನಕ ಇರುವುದು ಇವರ ಮನೆಯಲ್ಲೇ. ಡಿಸೆಂಬರ್‌ನಲ್ಲಿ ಅಜ್ಜಿಗೆ ಮಂಡಿ ಆಪರೇಷನ್ ಆಯಿತು, ಈಗ ವಾಕರ್ ಹಿಡಿದು ನಡೆಯುತ್ತಾರೆ. ಎರಡು ತಿಂಗಳು ಪೂಜೆ ತಪ್ಪಿತು ಅಂತ ತುಂಬಾ ಬೇಜಾರು ಮಾಡಿಕೊಂಡಿದ್ದರು, ಅದಕ್ಕೆ ಹೋದ ಭಾನುವಾರ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಒಳಗೆ ಹೋಗಲು ಸಂಕೋಚ, ಬಾಗಿಲ ಹತ್ತಿರ ನಿಂತಿದ್ದೆ. ಎಲ್ಲರೂ ಎದ್ದು ನಿಂತಾಗ ಅಜ್ಜಿಯೂ ಏಳಲು ಹೋಗಿ, ಕೈ ಜಾರಿ, ಮುಂದಿನ ಬೆಂಚಿನ ಮೇಲೆ ವಾಲಿಬಿಟ್ಟರು. ಪಕ್ಕದವರು ಹಿಡಿದುಕೊಂಡರು, ಏನೂ ಆಗಲಿಲ್ಲ, ಆದರೆ ನನ್ನ ಎದೆ ಧಸಕ್ಕೆಂದಿತು. ವಾಪಸ್ ಬರುವಾಗ "ಮುಂದಿನ ವಾರ ನೀನೂ ಒಳಗೆ ಬಂದು ಪಕ್ಕದಲ್ಲೇ ಕೂತ್ಕೋಪ್ಪ" ಅಂದರು. ಬರ್ತೀನಿ ಅಂದಿದ್ದೇನೆ.

ನಾವು ಲಿಂಗಾಯತರು. ಕೊರಳಲ್ಲಿ ಕರಡಿಗೆ ಇದೆ, ವಿಭೂತಿ ಹಚ್ಚಿಕೊಂಡೇ ಮನೆಯಿಂದ ಹೊರಡುವುದು. ಅದನ್ನು ಅಳಿಸಿಕೊಂಡು ಹೋಗಬೇಕಾ? ಚಪ್ಪಲಿ ಎಲ್ಲಿ ಬಿಡುವುದು? ಯಾವಾಗ ಏಳಬೇಕು, ಯಾವಾಗ ಮಂಡಿಯೂರಬೇಕು? ಬಿಳಿ ಬಿಲ್ಲೆ ಕೊಡುತ್ತಾರಲ್ಲ, ತಗೊಳ್ಳದಿದ್ದರೆ ಅವರಿಗೆ ಅವಮಾನ ಆಗುತ್ತದಾ? ನಮ್ಮ ಅಮ್ಮ ಬೇರೆ ಊರಿಂದ ಫೋನ್ ಮಾಡಿ "ಮತ ಬದಲಾಯಿಸ್ಬಿಡ್ತಾರೆ ಕಣೋ" ಅಂತ ಗಾಬರಿಯಾಗಿದ್ದಾರೆ, ಅವರಿಗೂ ಸಮಾಧಾನ ಹೇಳಬೇಕು. ಗೊತ್ತಿರುವವರು ತಿಳಿಸಿ.

ದೋರನಹಳ್ಳಿ ಕಡೆಯವಳು:

ವಿಭೂತಿ ಅಳಿಸಬೇಡಿ ಅಣ್ಣ. ನಮಗೆ ಈಗ ತಪಸ್ಸು ಕಾಲ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸ, ಪ್ರಾರ್ಥನೆಯ ದಿನಗಳು, ಅದು ಶುರುವಾಗುವುದೇ ವಿಭೂತಿ ಬುಧವಾರದಿಂದ. ಹಿಂದಿನ ವರ್ಷ ಗರಿಗಳ ಭಾನುವಾರ ಕೊಟ್ಟ ಗರಿಗಳನ್ನು ಸುಟ್ಟು, ಆ ಬೂದಿಯನ್ನು ಗುರುಗಳು (ಪಾದ್ರಿ) ನಮ್ಮ ಹಣೆಗೂ ಹಚ್ಚುತ್ತಾರೆ. ನಿಮ್ಮ ಅರ್ಥ ಬೇರೆ, ನಮ್ಮ ಅರ್ಥ ಬೇರೆ, ಆದರೆ ಹಣೆ ಮೇಲೆ ಬೂದಿ ಕಂಡರೆ ಅಲ್ಲಿ ಯಾರಿಗೂ ಹೊಸದಲ್ಲ. ಕರಡಿಗೆಯೂ ಹಾಗೇ ಇರಲಿ. ನಮ್ಮ ಕಡೆ ಸಂತ ಅಂತೋಣಿಯವರ ದೇವಾಲಯಕ್ಕೆ ಎಲ್ಲ ಜಾತಿಯವರೂ ಹರಕೆ ಹೊತ್ತು ಬರುತ್ತಾರೆ, ಜೂನ್ 13ರ ಹಬ್ಬಕ್ಕಂತೂ ಕಾಲಿಡಲು ಜಾಗ ಇರಲ್ಲ. ಕುಂಕುಮ ಇಟ್ಟವರ ಪಕ್ಕದಲ್ಲೇ ಕೂತು ಪೂಜೆ ಕೇಳಿ ಬೆಳೆದವಳು ನಾನು. ಚಪ್ಪಲಿಗೆ ಒಂದೇ ರೂಢಿ ಇಲ್ಲ, ಹಳ್ಳಿ ಕಡೆ ಹೊರಗೆ ಬಿಡುತ್ತಾರೆ, ಪೇಟೆಯಲ್ಲಿ ಹಾಕಿಕೊಂಡೇ ಹೋಗುತ್ತಾರೆ. ಬಾಗಿಲಲ್ಲಿ ನೋಡಿ, ಜನ ಮಾಡಿದಂತೆ ಮಾಡಿ.

ಮುಖ್ಯವಾದದ್ದು ಇದು: ಅಜ್ಜಿ ಏಳಬೇಕಾಗಿಯೇ ಇಲ್ಲ. ಕಾಯಿಲೆಯವರು, ವಯಸ್ಸಾದವರು ಪೂಜೆ ಪೂರ್ತಿ ಕೂತೇ ಇರಬಹುದು, ಅದರಲ್ಲಿ ತಪ್ಪು ಏನೂ ಇಲ್ಲ. ನಮ್ಮ ಅಜ್ಜಿಯೂ ಹೀಗೇ ಹಟ ಮಾಡುತ್ತಿದ್ದರು, "ಶುಭಸಂದೇಶ ಓದುವಾಗ ಕೂತಿರೋದಾ" ಅಂತ (ಶುಭಸಂದೇಶ ಅಂದರೆ ಬೈಬಲ್‌ನಲ್ಲಿ ಯೇಸುವಿನ ಜೀವನ ಹೇಳುವ ಭಾಗ, ಅದನ್ನು ಓದುವಾಗ ಎಲ್ಲರೂ ನಿಲ್ಲುತ್ತಾರೆ). ಕೊನೆಗೆ ಗುರುಗಳೇ ಹೇಳಿದ ಮೇಲೆ ಒಪ್ಪಿದರು. ನೀವೂ ಗುರುಗಳ ಕೈಯಲ್ಲೇ ಹೇಳಿಸಿ. ನೀವು ಪಕ್ಕದಲ್ಲಿ ಕೂತೇ ಇದ್ದರೆ ಅವರಿಗೂ ಏಳಬೇಕು ಅನ್ನಿಸುವುದಿಲ್ಲ. ಬಲಿಪೀಠದಲ್ಲಿ ರೊಟ್ಟಿ, ದ್ರಾಕ್ಷಾರಸ ಎತ್ತಿ ಹಿಡಿಯುವಾಗ ನಾವೆಲ್ಲ ಮಂಡಿಯೂರಿರುತ್ತೇವೆ, ಆಗ ನೀವು ಸುಮ್ನೆ ಕೈ ಕಟ್ಟಿ ಕೂತಿರಿ, ಸಾಕು. ಶಾಂತಿ ಹೇಳುವಾಗ ಅಕ್ಕಪಕ್ಕದವರು ಕೈ ಮುಗಿಯುತ್ತಾರೆ, ನೀವೂ ಮುಗಿಯಿರಿ.

ನೀವು ಕೇಳಿದ ಬಿಳಿ ಬಿಲ್ಲೆಗೆ ನಾವು ಪರಮಪ್ರಸಾದ ಅನ್ನುತ್ತೇವೆ, ಅದನ್ನು ಮಾತ್ರ ತಗೋಬೇಡಿ. ಅದು ಯೇಸುಸ್ವಾಮಿಯ ಶರೀರವೇ ಅಂತ ನಾವು ನಂಬುವುದು, ಕ್ಯಾಥೊಲಿಕರಲ್ಲೂ ಸಿದ್ಧತೆ ಮಾಡಿಕೊಂಡವರಷ್ಟೇ ತಗೊಳ್ಳುವುದು. ಸಾಲಿಗೆ ಹೋಗದೆ ಕೂತಿದ್ದರೆ ಯಾರಿಗೂ ಅವಮಾನ ಇಲ್ಲ. ಪೂಜೆಗೆ ಮೊದಲೇ ಹೇಳಿಟ್ಟರೆ ಅಜ್ಜಿ ಕೂತಲ್ಲಿಗೇ ತಂದು ಕೊಡುತ್ತಾರೆ. ಇನ್ನೊಂದು ಮಾತು, ಪ್ರಸಾದಕ್ಕೆ ಒಂದು ಗಂಟೆ ಮೊದಲು ಏನೂ ತಿನ್ನಬಾರದು ಅಂತ ನಿಯಮ ಇದೆ, ಆದರೆ ಅದು ವಯಸ್ಸಾದವರಿಗೆ, ಕಾಯಿಲೆಯವರಿಗೆ ಇಲ್ಲ. ಎಷ್ಟೋ ಅಜ್ಜಿಯರು ಇದು ಗೊತ್ತಿಲ್ಲದೆ ಶುಗರ್ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ. ಇಡ್ಲಿ ತಿನ್ನಿಸಿಯೇ ಕರೆದುಕೊಂಡು ಹೋಗಿ.

ಬನಶಂಕರಿ ಬಸ್ಸು:

ಪ್ರಸಾದದ ವಿಷಯ ಮೇಲೆ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಹಿಂದೂ. ಗೆಳೆಯನ ಮದುವೆಗೆ ಬೆಂಗಳೂರಿನ ಒಂದು ಚರ್ಚಿಗೆ ಹೋಗಿದ್ದಾಗ ಎಲ್ಲರೂ ಸಾಲು ನಿಂತರು, ನಾನೂ ನಿಂತೆ. ಅಂಗೈಗೆ ಬಿಲ್ಲೆ ಇಟ್ಟರು. ನಮ್ಮಲ್ಲಿ ಪ್ರಸಾದ ಮನೆಗೆ ಕಟ್ಟಿಕೊಂಡು ಹೋಗುತ್ತೇವಲ್ಲ, ಹಾಗೇ ಅಮ್ಮನಿಗೆ ಕೊಡೋಣ ಅಂತ ಶರ್ಟಿನ ಜೇಬಿಗೆ ಹಾಕಿಕೊಂಡೆ. ಒಬ್ಬರು ಹಿರಿಯರು ಹಿಂದೆಯೇ ಬಂದು, ಮೆಲ್ಲಗೆ ಕೈ ಹಿಡಿದು, "ಅದನ್ನು ಹೊರಗೆ ತಗೊಂಡು ಹೋಗೋ ಹಾಗಿಲ್ಲ ಮಗಾ" ಅಂತ ವಾಪಸ್ ಕೇಳಿದರು. ಬೈಯಲಿಲ್ಲ. ಆದರೆ ಜೇಬಿನಿಂದ ತೆಗೆದು ಕೊಡುವಾಗ ಅವರ ಕೈ ನಡುಗುತ್ತಿತ್ತು. ಅವರಿಗೆ ಅದು ಎಷ್ಟು ದೊಡ್ಡದು ಅಂತ ಆಗ ಗೊತ್ತಾಯಿತು. ಇವತ್ತಿಗೂ ನೆನೆದರೆ ಸಂಕಟ ಆಗುತ್ತದೆ.

ಧಾರವಾಡದ ಓದುಗ:

ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟ್ ಸಭೆ), ಬಾಸೆಲ್ ಮಿಷನ್ ಕಾಲದಿಂದ ಇರುವ ಮನೆತನ. ನಮ್ಮಲ್ಲಿ ಪೂಜೆ ಅನ್ನುವುದಿಲ್ಲ, ಆರಾಧನೆ ಅನ್ನುತ್ತೇವೆ. ಹಾಡು, ಪ್ರಸಂಗ (ಬೋಧನೆ) ಜಾಸ್ತಿ. ಯಾರು ಬಂದು ಕೂತರೂ ಸಂತೋಷವೇ.

ನಿಮ್ಮ ತಾಯಿಯವರ ಭಯವನ್ನು ತಳ್ಳಿ ಹಾಕಬೇಡಿ, ಕೂತು ಮಾತಾಡಿ. ಪೂಜೆಯಲ್ಲಿ ಒಂದು ಗಂಟೆ ಕೂತರೆ ಯಾರೂ ಕ್ರೈಸ್ತರಾಗುವುದಿಲ್ಲ. ದೊಡ್ಡವರು ತಾವಾಗಿಯೇ ದೀಕ್ಷಾಸ್ನಾನ (ಕ್ರೈಸ್ತರಾಗುವ ಸಂಸ್ಕಾರ) ಬೇಕು ಅಂತ ಕೇಳಿದರೂ ಕ್ಯಾಥೊಲಿಕರಲ್ಲಿ ಮೊದಲು ತಿಂಗಳುಗಟ್ಟಲೆ ಪಾಠ ಇರುತ್ತದೆ. ನಿಮ್ಮೂರಿನದೇ ಮಾತು ಹೇಳಿ: ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಹಾಕಿದ್ದು ನಾಲ್ವಡಿ ಕೃಷ್ಣರಾಜ ಒಡೆಯರು. ಅದರಿಂದ ಅವರ ಚಾಮುಂಡೇಶ್ವರಿ ಭಕ್ತಿ ಕಡಿಮೆ ಆಯಿತಾ? ಹಾಗೇನಾದರೂ ಯಾರಾದರೂ ನಿಮ್ಮನ್ನು ಒತ್ತಾಯ ಮಾಡಿದರೆ, ಅಜ್ಜಿಗಾಗಿ ಬಂದಿದ್ದೇನೆ ಅಂತ ನೇರವಾಗಿ ಹೇಳಿ.

ಕುಕ್ಕರಹಳ್ಳಿ ದಂಡೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಹೋಗಿ ಬಂದೆವು. ಶನಿವಾರ ಸಂಜೆಯೇ ಗುರುಗಳನ್ನು ನೋಡಿ ಹೇಳಿದ್ದೆ, ಅವರು ಪೂಜೆಗೆ ಮುಂಚೆ ಬಂದು "ಅಮ್ಮ, ನೀವು ಕೂತೇ ಇರಿ" ಅಂದರು. ಅಜ್ಜಿ ಮರುಮಾತಾಡಲಿಲ್ಲ. ಆದರೂ ಶುಭಸಂದೇಶಕ್ಕೆ ಎಲ್ಲರೂ ಎದ್ದಾಗ ಎರಡೂ ಕೈಯಲ್ಲಿ ವಾಕರ್ ಬಿಗಿಯಾಗಿ ಹಿಡಿದು ಬೆನ್ನು ನೆಟ್ಟಗೆ ಮಾಡಿಕೊಂಡರು. ನಾನು ಕೂತೇ ಇದ್ದೆ. ನಮ್ಮ ಮುಂದಿನ ಸಾಲಿನ ಮಗುವೊಂದು ಪೂಜೆ ಪೂರ್ತಿ ನನ್ನ ಹಣೆಯನ್ನೇ ನೋಡುತ್ತಿತ್ತು, ಬೇರೆ ಯಾರೂ ತಿರುಗಿ ನೋಡಲಿಲ್ಲ. ಪ್ರಸಾದ ಅಜ್ಜಿ ಹತ್ತಿರವೇ ಬಂತು. ತಗೊಂಡ ಮೇಲೆ ಸೆರಗು ತಲೆ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿ ಎಷ್ಟೋ ಹೊತ್ತು ಕೂತಿದ್ದರು, ಜನ ಖಾಲಿಯಾದರೂ ನಾನು ಕರೆಯಲಿಲ್ಲ.

ಕಾರಿನಲ್ಲಿ ಹೇಳಿದರು, ಅವರು ಹುಡುಗಿಯಾಗಿದ್ದಾಗ ಪೂಜೆ ಲ್ಯಾಟಿನ್‌ನಲ್ಲಿ ಇತ್ತಂತೆ, ಗುರುಗಳು ಜನಕ್ಕೆ ಬೆನ್ನು ಮಾಡಿ ನಿಲ್ಲುತ್ತಿದ್ದರಂತೆ. 1960ರ ದಶಕದಲ್ಲಿ ರೋಮ್‌ನಲ್ಲಿ ಕ್ಯಾಥೊಲಿಕ್ ಬಿಷಪ್‌ಗಳ ದೊಡ್ಡ ವ್ಯಾಟಿಕನ್ ಸಭೆ ಆದ ಮೇಲೆ ಕನ್ನಡ ಬಂತು. ಮೊದಲ ಸಲ ಕನ್ನಡದಲ್ಲಿ ಪೂಜೆ ಕೇಳಿದ ದಿನ ಅವರ ಅವ್ವ ಮನೆಗೆ ಬಂದು ಅತ್ತರಂತೆ, ಇಷ್ಟು ವರ್ಷ ಏನು ಹೇಳ್ತಿದ್ರು ಅಂತ ಈಗ ಗೊತ್ತಾಯ್ತು ಅಂತ.

ಇನ್ನೊಂದು ಪ್ರಶ್ನೆ. ಈಸ್ಟರ್ ಹಿಂದಿನ ರಾತ್ರಿಯ ಪೂಜೆಗೂ ಹೋಗಬೇಕು ಅನ್ನುತ್ತಿದ್ದಾರೆ. ಅಷ್ಟು ಹೊತ್ತು ಕೂರಲು ಆಗುತ್ತದಾ?

ದೋರನಹಳ್ಳಿ ಕಡೆಯವಳು:

ಓದಿ ಕಣ್ಣು ತುಂಬಿತು ಅಣ್ಣ. ಆ ರಾತ್ರಿಯದು ಉದ್ದ, ಬೈಬಲ್‌ನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಿಂದಲೇ ಏಳು ವಾಚನ ಇರುತ್ತವೆ, ಕೆಲವು ಕಡೆ ಕಡಿಮೆ ಮಾಡುತ್ತಾರೆ. ಎರಡು ಗಂಟೆ ದಾಟಬಹುದು. ಶುರುವಾಗುವುದು ಹೊರಗೆ ಕತ್ತಲಲ್ಲಿ ಬೆಂಕಿ ಹಚ್ಚಿ, ಆಮೇಲೆ ಎಲ್ಲರ ಕೈಯಲ್ಲೂ ಮೇಣದಬತ್ತಿ, ವಾಕರ್ ಇರುವವರಿಗೆ ಆ ನೂಕುನುಗ್ಗಲು ಕಷ್ಟ. ಅಜ್ಜಿಯನ್ನು ಮೊದಲೇ ಒಳಗೆ ಕೂರಿಸಿ, ಮೇಣದಬತ್ತಿ ನೀವು ಹಿಡಿದುಕೊಳ್ಳಿ. ಆಗಲ್ಲ ಅನ್ನಿಸಿದರೆ ಭಾನುವಾರ ಬೆಳಗಿನ ಪೂಜೆ ಇದ್ದೇ ಇದೆ.