ಎನ್ ಐ ಎ ಎಂ ಎಚ್ ಅಂತ ಬರೆದು "ನೀವ್" ಅಂತ ಓದುದಂತೆ, ಈ ಐರಿಶ್ ಹೆಸರಿನ ಅರ್ಥ ಎಂತ?

ಕಾಪು_ಅತ್ತೆ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಐರ್ಲೆಂಡಲ್ಲಿರುದು, ಹೆಂಡತಿ ಅಲ್ಲಿಯವಳೇ, ಗಾಲ್ವೇ ಕಡೆ. ಈಗ ಮಗಳು ಹುಟ್ಟಿದ್ದಾಳೆ, ಅನುರಾಧಾ ನಕ್ಷತ್ರ, ಭಟ್ರು ನಾ ನೀ ನೂ ನೇ ಅಕ್ಷರ ಹೇಳಿದ್ರು. ಅಮ್ಮ ಕೂತು ನೀತಾ, ನೀಲಾ, ನೀರಜಾ ಅಂತ ಲಿಸ್ಟ್ ಮಾಡಿ ವಾಟ್ಸಾಪ್ ಮಾಡಿದ್ರು. ಅಲ್ಲಿಂದ ತಿರುಗಿ ಬಂದದ್ದು ಒಂದೇ ಹೆಸರು, ಇಂಗ್ಲಿಷಲ್ಲಿ ಎನ್ ಐ ಎ ಎಂ ಎಚ್. ಅಪ್ಪ ಕನ್ನಡಕ ಹಾಕಿ ಓದಿ "ಮಗುವಿಗೆ ನಿಯಮ ಅಂತ ಹೆಸರಾ? ರೂಲ್ಸಾ?" ಅಂತ ಕೇಳಿದ್ರು. ಫೋನ್ ಮಾಡಿದ್ರೆ ತಮ್ಮ ಹೇಳ್ತಾನೆ ಅದು "ನೀವ್" ಅಂತ, ನೀ ಅಕ್ಷರವೂ ಆಯ್ತು ಅವಳ ಅಮ್ಮನಿಗೂ ಖುಷಿ ಆಯ್ತು ಅಂತ.

ಎಂ ಎಲ್ಲಿ ಹೋಯ್ತು, ವ ಎಲ್ಲಿಂದ ಬಂತು ಮಾರಾಯ್ರೆ? ತಮ್ಮನ ಹತ್ರ ಕೇಳಿದ್ರೆ "ಐರಿಶ್ ಹಾಗೇ ಅಕ್ಕ" ಅಷ್ಟೇ. ಬರುವ ತಿಂಗಳು ಊರಿಗೆ ಬರ್ತಾರೆ, ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ ಉಂಟು, ಕಾರ್ಡ್ ಪ್ರಿಂಟಿಗೆ ಕೊಡ್ಬೇಕು, ಕನ್ನಡದಲ್ಲಿ ಹೇಗೆ ಬರೆಯುದು ಅಂತ ಗೊತ್ತಿಲ್ಲ. ಸೋದರತ್ತೆ ನಾನೇ, ಕಿವಿಯಲ್ಲಿ ಹೆಸರು ಹೇಳುವವಳೂ ನಾನೇ, ಅರ್ಥ ಎಂತ ಅಂತ ಹತ್ತು ಜನ ಕೇಳಿಯೇ ಕೇಳ್ತಾರೆ. ಗೊತ್ತಿದ್ದವರು ಸರಿಯಾಗಿ ಹೇಳಿ.

ಮಲ್ಪೆ_ಬಂಗುಡೆ

ಹುಟ್ಟುವಾಗಲೇ ಬಹುವಚನ! ಅಜ್ಜ ಅಜ್ಜಿ ಎಲ್ಲ ಮೊಮ್ಮಗಳನ್ನು "ನೀವ್ ಬನ್ನಿ, ನೀವ್ ಊಟ ಮಾಡಿ" ಅಂತ ಕರೀಬೇಕು ಇನ್ನು 😄

ತಮಾಷೆ ಬಿಡಿ, ಕಥೆ ನಂಗೆ ಗೊತ್ತುಂಟು. ನೀವ್ ಅಂದ್ರೆ ಅವರ ಪುರಾಣದ ಚಿನ್ನದ ಕೂದಲಿನ ರಾಜಕುಮಾರಿ, ಯಾರಿಗೂ ಮುಪ್ಪೇ ಬಾರದ ಒಂದು ಲೋಕದವಳು, ಆ ಲೋಕದ ಹೆಸರು ಟೀರ್ ನ ನೋಗ್. ಬಿಳಿ ಕುದುರೆ ಹತ್ತಿ ಸಮುದ್ರದ ಮೇಲೆಯೇ ಐರ್ಲೆಂಡಿಗೆ ಬಂದು ಫಿನ್ ಅನ್ನುವ ದೊಡ್ಡ ವೀರನ ಮಗ ಉಶೀನ್ ಅನ್ನುವವನನ್ನು ಮೆಚ್ಚಿ ಕರ್ಕೊಂಡು ಹೋಗ್ತಾಳೆ. ಅಲ್ಲಿ ಸುಖವಾಗಿ ಇರ್ತಾನೆ, ಮೂರು ವರ್ಷ ಆಯ್ತು ಅಂತ ಅವನ ಲೆಕ್ಕ, ಒಮ್ಮೆ ಊರು ನೋಡ್ಬೇಕು ಅಂತ ಆಸೆ ಆಗ್ತದೆ. ಅವಳು ಕುದುರೆ ಕೊಟ್ಟು ಹೇಳ್ತಾಳೆ, ಹೋಗು, ಆದ್ರೆ ನೆಲಕ್ಕೆ ಕಾಲು ಮಾತ್ರ ಇಡ್ಬೇಡ ಅಂತ. ಬಂದು ನೋಡಿದ್ರೆ ಇಲ್ಲಿ 300 ವರ್ಷ ಆಗಿದೆ, ಅಪ್ಪ ಇಲ್ಲ, ಬಂಟರು ಯಾರೂ ಇಲ್ಲ, ಕೋಟೆಯಲ್ಲಿ ಹುಲ್ಲು. ದಾರಿಯಲ್ಲಿ ಕೆಲವರು ಒಂದು ಕಲ್ಲು ಎತ್ತಲಿಕ್ಕೆ ಆಗದೆ ಒದ್ದಾಡುದು ನೋಡಿ ಕುದುರೆಯಿಂದಲೇ ಬಗ್ಗಿ ಕೈ ಹಾಕ್ತಾನೆ, ಜೀನಿನ ಪಟ್ಟಿ ತುಂಡಾಗ್ತದೆ, ಬಿದ್ದ ಕೂಡ್ಲೇ ಹಣ್ಣು ಹಣ್ಣು ಮುದುಕ.

ಇದು ಓದಿದಾಗ ನಂಗೆ ತಲೆಗೆ ಬಂದದ್ದು ನಮ್ಮ ವಡಭಾಂಡೇಶ್ವರದ ಬಲರಾಮ ದೇವರು, ಅಂದ್ರೆ ಅವನ ಹೆಂಡತಿ ರೇವತಿಯ ಕಥೆ. ಅವಳ ಅಪ್ಪ ಕಕುದ್ಮಿ ಮಗಳಿಗೆ ಗಂಡು ಯಾರು ಅಂತ ಕೇಳ್ಲಿಕ್ಕೆ ಬ್ರಹ್ಮಲೋಕಕ್ಕೆ ಹೋಗ್ತಾನೆ, ಅಲ್ಲಿ ಸಂಗೀತ ನಡೀತಾ ಇರ್ತದೆ, ಮುಗಿಯುವವರೆಗೆ ಕಾದು ಕೇಳಿದ್ರೆ ಬ್ರಹ್ಮ ನಗ್ತಾನೆ, ನೀನು ಮನಸ್ಸಲ್ಲಿಟ್ಟುಕೊಂಡ ಹುಡುಗರೆಲ್ಲ ಸತ್ತು 27 ಚತುರ್ಯುಗ ಆಯ್ತು ಅಂತ. ನಮ್ಮವರು ಲೆಕ್ಕದಲ್ಲಿ ಎಂದೂ ಕಂಜೂಸಿ ಮಾಡಿದವರಲ್ಲ.

ಅರ್ಥ "ಸ್ವರ್ಗ" ಅಂತ ಕಾಣ್ತದೆ.

ಬೆಂದೂರ್_ಬಾಬ್

ಕಥೆ ಚಂದ ಹೇಳಿದ್ರಿ, ಅರ್ಥ ಮಾತ್ರ ಅದಲ್ಲ. ಸ್ವರ್ಗ, ಆಕಾಶ ಅನ್ನುದಕ್ಕೆ ಐರಿಶಲ್ಲಿ ಬೇರೆ ಶಬ್ದ ಉಂಟು, ಎನ್ ಇ ಎ ಎಂ ಎಚ್, ಅದನ್ನು "ನ್ಯಾವ್" ಅಂತ ಹೇಳುದು. ಒಂದು ಅಕ್ಷರದ ವ್ಯತ್ಯಾಸಕ್ಕೆ ಹೆಸರಿನ ವೆಬ್‌ಸೈಟ್‌ಗಳಲ್ಲಿ ಎರಡನ್ನೂ ಕಲಸಿ ಹಾಕಿರ್ತಾರೆ. ಈ ಹೆಸರಿನ ಮೂಲ ಹಳೆ ಐರಿಶ್‌ನ "ನೀಅಮ್", ಅರ್ಥ ಹೊಳಪು, ಕಾಂತಿ. ಅಂದ್ರೆ ನಮ್ಮ ಪ್ರಭಾ, ದೀಪ್ತಿ, ಜ್ಯೋತಿ ಇದೇ ಸಾಲಿಗೆ ಬರುವ ಹೆಸರು. ಅತ್ತೆಯವರೇ, ಹತ್ತು ಜನ ಕೇಳಿದ್ರೆ "ಕಾಂತಿ" ಅಂತ ಧೈರ್ಯದಲ್ಲಿ ಹೇಳಿ.

ಈಗ ಎಂ ಎಲ್ಲಿ ಹೋಯ್ತು ಅಂತ ಕೇಳಿದ್ರಲ್ಲ. ಇದು ಕೊಂಕಣಿಯವರಿಗೆ ಹೊಸತೇ ಅಲ್ಲ. ಸಂಸ್ಕೃತದ ಗ್ರಾಮ ನಮ್ಮಲ್ಲಿ ಗಾಂವ್ ಆಯ್ತು, ನಾಮ ಇದ್ದದ್ದು ನಾಂವ್ ಆಯ್ತು. ಸ್ವರದ ಹಿಂದೆ ಬಂದ ಮ ಮೆತ್ತಗಾಗಿ ಮೂಗಿನಲ್ಲಿ ಹೇಳುವ ವ ಆಯ್ತು ಅಷ್ಟೇ. ಐರಿಶಲ್ಲೂ ಆದದ್ದು ಅದೇ, ಹಳೆ ಐರಿಶಲ್ಲಿ ಆ ವ ಮೂಗಿನದ್ದೇ, ಆಮೇಲೆ ಮೂಗು ಬಿಟ್ಟು ಬರೇ ವ ಉಳಿಯಿತು. ನಾವು ಉಚ್ಚಾರ ಬದಲಾದ ಹಾಗೆ ಬರೆಯುದನ್ನೂ ಬದಲಾಯಿಸಿಕೊಂಡೆವು, ಅವರು ಮೂಲದ ಮ ಅನ್ನು ಹಾಗೇ ಇಟ್ಟು ಅದರ ನೆತ್ತಿ ಮೇಲೆ ಒಂದು ಚುಕ್ಕೆ ಇಟ್ರು, ಇದು ಮೆತ್ತಗಾದ ಮ ಅಂತ ಗುರುತಿಗೆ. ಅವರದ್ದೇ ಹಳೆ ಶೈಲಿಯ ಅಚ್ಚಿನ ಅಕ್ಷರದಲ್ಲಿ ಈ ಚುಕ್ಕೆ ಇತ್ತು, ಇಪ್ಪತ್ತನೇ ಶತಮಾನದ ನಡುವಿನಲ್ಲಿ ಮಾಮೂಲು ರೋಮನ್ ಅಕ್ಷರಕ್ಕೆ ಬಂದಾಗ ಚುಕ್ಕೆ ಬಿಟ್ಟು ಎಲ್ಲ ಕಡೆ ಎಚ್ ಹಾಕಲಿಕ್ಕೆ ಶುರು ಮಾಡಿದ್ರು. ನಮಗೆ ಬಿ ಎಚ್ ಕಂಡ್ರೆ ಭ, ಎಚ್ ಅಂದ್ರೆ ಉಸಿರು. ಅಲ್ಲಿ ಎಚ್ ಅಂದ್ರೆ ಆ ಹಳೆ ಚುಕ್ಕೆ. ಹಾಗಾಗಿ ಬಿ ಎಚ್ ಕೂಡ ವ.

ಇನ್ನೊಂದು ಹೇಳ್ತೇನೆ. ಶಿವಾನ್ ಅಂತ ಒಂದು ಹೆಂಗಸರ ಹೆಸರುಂಟು, ಬರೆಯುದು ಎಸ್ ಐ ಒ ಬಿ ಎಚ್ ಎ ಎನ್. ಕೇಳಿದವರು ಶಿವಾನಿಯ ತಂಗಿ ಅಂತ ಎಣಿಸ್ತಾರೆ, ಶಿವನಿಗೂ ಅದಕ್ಕೂ ಸಂಬಂಧ ಇಲ್ಲ. 1169ರಲ್ಲಿ ನಾರ್ಮನ್ನರು ಐರ್ಲೆಂಡಿಗೆ ಬಂದ್ರಲ್ಲ, ಅವರ ಫ್ರೆಂಚಿನಲ್ಲಿ ಜಾನ್ ಹೆಸರಿನ ಹೆಣ್ಣು ರೂಪ ಇತ್ತು, ಐರಿಶಲ್ಲಿ ಜ ಇಲ್ಲ, ಹತ್ತಿರದ್ದು ಶ, ಹಾಗೆ ಅದು ಶಿವಾನ್ ಆಯ್ತು. ಗಂಡು ರೂಪ ಶಾನ್. ಇದೇ ಜಾನ್ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಇಳಿದು ಜುವಾಂವ್ ಆದದ್ದು. ಬ್ರಿಜಿತ್ ಅಂತ ನಮ್ಮ ಇಗರ್ಜಿಯಲ್ಲಿ ಬಾಯಮ್ಮಂದಿರು ಇದ್ದಾರಲ್ಲ, ಅದಂತೂ ಅಚ್ಚ ಐರಿಶ್ ಹೆಸರು, "ಎತ್ತರದವಳು, ಮಹತಿ" ಅಂತ, ಭಾಷಾಶಾಸ್ತ್ರದವರು ಅದನ್ನು ಸಂಸ್ಕೃತದ ಬೃಹತೀ ಜೊತೆ ಒಂದೇ ಬೇರಿನದ್ದು ಅಂತ ಹೇಳ್ತಾರೆ.

ಕಾಪು_ಅತ್ತೆ

ಬಾಬ್, ದೊಡ್ಡ ಥ್ಯಾಂಕ್ಸ್, ಕಾಂತಿ ಅಂತ ಹೇಳಿದ್ದಕ್ಕೆ ಅಮ್ಮ ಅರ್ಧ ಒಪ್ಪಿದ್ರು, "ಹಾಗಾದ್ರೆ ಕಾಂತಿ ಅಂತಲೇ ಇಡ್ಬಹುದಿತ್ತಲ್ಲ" ಅಂತ ಉಳಿದರ್ಧ. ಇನ್ನೊಂದು ಡೌಟ್. ಅತ್ತಿಗೆಯ ಅಪ್ಪನ ಸರ್‌ನೇಮ್ ಓ ಬ್ರೀಅನ್, ಇವಳು ಮಾತ್ರ ನೀ ವ್ರೀಅನ್ ಅಂತ ಹಾಕುದು. ಅಪ್ಪ ಮಗಳಿಗೆ ಬೇರೆ ಬೇರೆಯಾ?

ಕಾರ್ಕ್_ಟು_ಕಾರ್ಕಳ

ನಾನು ಅಲ್ಲಿ ನರ್ಸ್ ಆಗಿದ್ದೆ ಹಾಗಾಗಿ ಇದು ಗೊತ್ತುಂಟು. ಬೇರೆ ಅಲ್ಲ, ಒಂದೇ. ಓ ಅಂದ್ರೆ ಮೊಮ್ಮಗ, ಆ ವಂಶದವ ಅಂತ, ಮ್ಯಾಕ್ ಅಂದ್ರೆ ಮಗ. ಗಂಡಸಿಗೆ ಓ ಇದ್ರೆ ಅದೇ ಮನೆಯ ಹೆಣ್ಣಿಗೆ ನೀ, ಮ್ಯಾಕ್ ಇದ್ರೆ ಹೆಣ್ಣಿಗೆ ನಿಕ್. ನೀ ಬಂದ್ರೆ ಮುಂದಿನ ಅಕ್ಷರ ಮೆತ್ತಗಾಗ್ತದೆ, ಬ ಇದ್ದದ್ದು ವ, ಮೇಲೆ ಬಾಬ್ ಹೇಳಿದ ಅದೇ ಎಚ್ ಕಥೆ. ಓ ಬ್ರೀಅನ್‌ನವರು ಬ್ರಿಯನ್ ಬೋರು ಅನ್ನುವ ರಾಜನ ಸಂತತಿ, ಅವ 1014ರಲ್ಲಿ ಡಬ್ಲಿನ್ ಹತ್ರ ಕ್ಲಾಂಟಾರ್ಫ್ ಯುದ್ಧದಲ್ಲಿ ಸತ್ತದ್ದು, ಅಂದ್ರೆ ನಿಮ್ಮ ಅತ್ತಿಗೆಗೆ ಸಾವಿರ ವರ್ಷದ ಸರ್‌ನೇಮ್. ಇಂಗ್ಲಿಷರ ಕಾಲದಲ್ಲಿ ತುಂಬ ಮನೆಯವರು ಓ, ಮ್ಯಾಕ್ ಎಲ್ಲ ಕಿತ್ತು ಬಿಸಾಡಿದ್ರು, 1893ರಲ್ಲಿ ಐರಿಶ್ ಭಾಷೆ ಉಳಿಸ್ಲಿಕ್ಕೆ ಅಂತ ಗೇಲಿಕ್ ಲೀಗ್ ಅನ್ನುವ ಸಂಘ ಶುರುವಾದ ಸುಮಾರಿಗೆ ಭಾಷೆಯ ಅಭಿಮಾನ ಬಂದು ಕೆಲವರು ತಿರುಗಿ ಸೇರಿಸಿಕೊಂಡ್ರು. ಮಗು ಅಮ್ಮನ ಸರ್‌ನೇಮ್ ಇಟ್ಟುಕೊಂಡ್ರೆ ನೀವ್ ನೀ ವ್ರೀಅನ್, ಒಂದೇ ಉಸಿರಲ್ಲಿ ಮರ್ಯಾದೆ ಕೊಟ್ಟು ಕಿತ್ತುಕೊಂಡ ಹಾಗೆ 😂

ಉಚ್ಚಾರ ಹೇಳುದಾದ್ರೆ ಹೆಚ್ಚಿನವರು ನೀವ್ ಅಂತಾರೆ, ಕೆಲವು ಕಡೆ ನಡುವೆ ಸಣ್ಣ ಅ ಸೇರಿ ನೀಅವ್ ಅಂತ ಕೇಳ್ತದೆ. ಅತ್ತಿಗೆ ಹತ್ರ ವಾಯ್ಸ್ ಮೆಸೇಜ್ ತರಿಸಿ, ಅವರ ಮನೆಯಲ್ಲಿ ಹೇಗೆ ಹೇಳ್ತಾರೋ ಅದನ್ನೇ ಕಿವಿಯಲ್ಲಿ ಹೇಳಿ.

ಬಂಟ್ಸ್_ಹಾಸ್ಟೆಲ್_ಸರ್ಕಲ್

ಸರ್‌ನೇಮ್ ಎಲ್ಲ ಓಕೆ, ಮಗುವಿನ ಬರಿ, ಅಂದ್ರೆ ಗೋತ್ರದ ಹಾಗೆ ನೋಡುವ ವಂಶದ ಹೆಸರು, ಅದು ಎಂತ? ನಮ್ಮಲ್ಲಿ ಬರಿ ತಾಯಿ ಕಡೆಯಿಂದ ಬರುದಲ್ವಾ, ತಾಯಿ ಗಾಲ್ವೇಯವಳು. ನಾಳೆ ಮದುವೆ ಮಾತಿಗೆ ಬಂದವರು ಕೇಳಿದ್ರೆ ಬ್ರಿಯನ್ ಬೋರು ಬರಿ ಅಂತ ಹೇಳುದಾ?

ಮಲ್ಪೆ_ಬಂಗುಡೆ

ಮಗು ಇನ್ನೂ ತೊಟ್ಟಿಲಿಗೇ ಬೀಳ್ಲಿಲ್ಲ ಮಾರಾಯ, ಮದುವೆಗೆ ಹೋದ್ರಿ ನೀವು.

ಅತ್ತೆಯವರೇ, ಕಾರ್ಡಿನ ಬಗ್ಗೆ ನನ್ನ ಸಲಹೆ. ನೀವಾ ಅಂತ ಉದ್ದ ಮಾಡ್ಬೇಡಿ, "ಯಾರು, ನೀವಾ?" ಅಂತ ಆಗ್ತದೆ. ನೀವ್ ಅಂತಲೇ ಅರ್ಧ ವ ಹಾಕಿ, ಪ್ರೂಫ್ ನೀವೇ ನೋಡಿ, ಪ್ರೆಸ್ಸಿನವರು ತಪ್ಪು ಅಂತ ಎಣಿಸಿ "ನೀವು" ಮಾಡಿ ಬಿಡ್ತಾರೆ. ಮತ್ತೆ ಕೆಳಗೆ ಆಮಂತ್ರಣದ ಸಾಲಿನಲ್ಲಿ ನೀವು ಅನ್ನುವ ಶಬ್ದವೇ ಬೇಡ.

ಕಾಪು_ಅತ್ತೆ

ಹೌದು, ನಿನ್ನೆ ಬರೆದ ಡ್ರಾಫ್ಟಲ್ಲಿ "ನೀವ್ ಇವಳ ನಾಮಕರಣಕ್ಕೆ ನೀವು ಕುಟುಂಬ ಸಮೇತ" ಅಂತ ಇತ್ತು, ಅಪ್ಪ ಓದಿ ಪೆನ್ನು ತೆಗೆದು ಒಂದು ನೀವು ಹೊಡೆದು ಹಾಕಿದ್ದಾರೆ, ಹೊಡೆದದ್ದು ಮಗುವಿನ ಹೆಸರನ್ನು. ಈಗ "ತಾವು" ಅಂತ ಮಾಡ್ತೇನೆ. ವಾಯ್ಸ್ ಮೆಸೇಜಿಗೆ ಅತ್ತಿಗೆಗೆ ಹೇಳಿದ್ದೇನೆ, ಅಲ್ಲಿ ಈಗ ಮಧ್ಯರಾತ್ರಿ ಅಂತ ಕಾಣ್ತದೆ.