ಐಸಿಯುನಲ್ಲಿ ಅಪ್ಪನ ಕಲ್ಚರ್ ರಿಪೋರ್ಟ್ ತುಂಬಾ 'ಆರ್', ಆದರೂ ಔಷಧಿ ಕೊಡುತ್ತಿಲ್ಲ, ಯಾಕೆ?

ಹೊಂಗೆಮರ:
ಅಪ್ಪ ಐಸಿಯುನಲ್ಲಿದ್ದಾರೆ, ವೆಂಟಿಲೇಟರ್ ಹಾಕಿದ್ದಾರೆ. ನ್ಯುಮೋನಿಯಾ ಅಂತ ಸೇರಿಸಿದ್ದು, ಅದು ಕಮ್ಮಿ ಆಗುತ್ತಾ ಬಂದಿದೆ. ನಿನ್ನೆ ಗಂಟಲಿನ ಕೊಳವೆಯಿಂದ ತೆಗೆದ ಕಫದ ಕಲ್ಚರ್ ರಿಪೋರ್ಟ್ ಬಂತು. ಅಸಿನೆಟೊಬ್ಯಾಕ್ಟರ್ ಬೌಮಾನಿ ಅನ್ನುವ ಬ್ಯಾಕ್ಟೀರಿಯಾ ಅಂತ ಬರೆದಿದೆ, ಕೆಳಗೆ ಔಷಧಿಗಳ ಉದ್ದ ಪಟ್ಟಿ, ಮೆರೊಪೆನಂ ಸೇರಿ ಎಲ್ಲದರ ಮುಂದೆಯೂ 'ಆರ್' (ರೆಸಿಸ್ಟೆಂಟ್, ಅಂದರೆ ಆ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ). ಕೊಲಿಸ್ಟಿನ್ ಒಂದರ ಮುಂದೆ ಮಾತ್ರ 'ಐ' (ಇಂಟರ್ಮೀಡಿಯೆಟ್, ನಡುವಿನ ದರ್ಜೆ). ಡಾಕ್ಟರ್ ನೋಡಿ "ಸದ್ಯಕ್ಕೆ ಇದಕ್ಕೆ ಔಷಧಿ ಬೇಡ, ಗಮನಿಸೋಣ" ಅಂದರು. ಆದರೆ ಅಪ್ಪನನ್ನು ಬೇರೆ ಕೋಣೆಗೆ ಹಾಕಿ, ಒಳಗೆ ಹೋಗುವವರೆಲ್ಲ ಗೌನ್, ಗ್ಲೌಸ್ ಹಾಕಲೇಬೇಕು ಅಂತ ಬೋರ್ಡ್ ತಗುಲಿಸಿದ್ದಾರೆ. ಅಪಾಯ ಇದ್ದರೆ ಔಷಧಿ ಯಾಕಿಲ್ಲ? ಇಲ್ಲ ಅಂದರೆ ಬೋರ್ಡ್ ಯಾಕೆ? ಏನೋ ಮುಚ್ಚಿಡುತ್ತಿದ್ದಾರೆ ಅನಿಸುತ್ತಿದೆ.

ಬೆಳ್ಳಿಚುಕ್ಕಿ:
ಕಾಯಬೇಡಿ. ಇರುವುದರಲ್ಲೇ ಸ್ಟ್ರಾಂಗ್ ಆಂಟಿಬಯಾಟಿಕ್ ಇವತ್ತೇ ಶುರು ಮಾಡಿ ಅಂತ ಪಟ್ಟು ಹಿಡಿಯಿರಿ.

ರಾತ್ರಿಪಾಳಿ:
ದಯವಿಟ್ಟು ಹಾಗೆ ಪಟ್ಟು ಹಿಡಿಯಬೇಡಿ. ನಾನು ಐಸಿಯು ನರ್ಸ್. ಗಂಟಲಲ್ಲಿ ಕೊಳವೆ ಇರುವವರ ಕಫದಲ್ಲಿ ಬ್ಯಾಕ್ಟೀರಿಯಾ ಸಿಗುವುದು ಸಾಮಾನ್ಯ, ಸಿಕ್ಕಿದ್ದೆಲ್ಲ ಸೋಂಕಲ್ಲ. ಕೊಳವೆಯ ಒಳಗೆ ಲೋಳೆ ಪದರ ಕಟ್ಟಿಕೊಂಡು ಸುಮ್ನೆ ಕೂತಿರಬಹುದು. ಹೊಸದಾಗಿ ಜ್ವರ ಬಂತಾ, ಕಫ ಜಾಸ್ತಿಯಾಗಿ ಕೀವಿನ ಥರ ಆಯಿತಾ, ಆಕ್ಸಿಜನ್ ಹೆಚ್ಚಿಸಬೇಕಾಯಿತಾ, ಎಕ್ಸ್-ರೇಯಲ್ಲಿ ಹೊಸ ಕಲೆ ಕಂಡಿತಾ, ಇದನ್ನೆಲ್ಲ ಒಟ್ಟಿಗೆ ನೋಡಿ ಡಾಕ್ಟರ್ ತೀರ್ಮಾನ ಮಾಡುತ್ತಾರೆ. ಇವು ಯಾವುದೂ ಇಲ್ಲ ಅಂದರೆ ಬರೀ ರಿಪೋರ್ಟ್‌ಗೆ ಔಷಧಿ ಕೊಡುವುದಿಲ್ಲ.

ಬೋರ್ಡ್ ಇರುವುದು ಪಕ್ಕದ ಬೆಡ್‌ನವರನ್ನು ಕಾಪಾಡಲು. ಈ ಬ್ಯಾಕ್ಟೀರಿಯಾ ಒಣ ಜಾಗದಲ್ಲೂ ವಾರಗಟ್ಟಲೆ ಬದುಕುತ್ತದೆ. ಬೆಡ್ಡಿನ ಕಂಬಿ, ಸಿರಿಂಜ್ ಪಂಪಿನ ಬಟನ್, ಮಾನಿಟರಿನ ವೈರು, ಎಲ್ಲಿ ಬೇಕಾದರೂ. ಅಲ್ಲಿಂದ ಕೈಗೆ, ಕೈಯಿಂದ ಮುಂದಿನ ರೋಗಿಗೆ. ಗ್ಲೌಸ್ ಹಾಕಿಕೊಂಡೇ ಮೊಬೈಲ್ ಮುಟ್ಟುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟ ಆಗುತ್ತದೆ, ಆ ಗ್ಲೌಸ್‌ನಿಂದ ಏನು ಪ್ರಯೋಜನ ಹೇಳಿ?

ಪೆಟ್ರಿತಟ್ಟೆ:
ಮೈಕ್ರೋಬಯಾಲಜಿ ಲ್ಯಾಬಿನಲ್ಲಿದ್ದೇನೆ, ಆ 'ಐ' ಬಗ್ಗೆ ಒಂದು ಮಾತು. ತುಂಬಾ ಲ್ಯಾಬ್‌ಗಳು ಅನುಸರಿಸುವ ಸಿಎಲ್‌ಎಸ್‌ಐ (ಲ್ಯಾಬ್ ಟೆಸ್ಟ್‌ಗಳಿಗೆ ಮಾನದಂಡ ಮಾಡುವ ಅಮೆರಿಕದ ಸಂಸ್ಥೆ) ನಿಯಮದಲ್ಲಿ 2020ರಿಂದ ಕೊಲಿಸ್ಟಿನ್‌ಗೆ 'ಎಸ್' (ಸಸೆಪ್ಟಿಬಲ್, ಔಷಧಿಗೆ ಬಗ್ಗುತ್ತದೆ) ಅನ್ನುವ ದರ್ಜೆಯೇ ಇಲ್ಲ. 'ಐ' ಅಥವಾ 'ಆರ್', ಎರಡೇ. ಅಂದರೆ ಟೆಸ್ಟ್‌ನಲ್ಲಿ ಬ್ಯಾಕ್ಟೀರಿಯಾ ಬಗ್ಗಿದರೂ ರೋಗಿಯ ಮೇಲೆ ಅದು ಕೆಲಸ ಮಾಡುತ್ತದೆ ಅನ್ನುವ ಭರವಸೆ ಕಮ್ಮಿ. ಕಿಡ್ನಿಗೆ ಪೆಟ್ಟು ಅಂತ 1970ರ ದಶಕದಲ್ಲಿ ಹೆಚ್ಚುಕಮ್ಮಿ ಪಕ್ಕಕ್ಕಿಟ್ಟಿದ್ದ ಔಷಧಿ ಅದು. ಮೆರೊಪೆನಂ ಥರದವು ಸೋಲತೊಡಗಿದ ಮೇಲೆ ಬೇರೆ ದಾರಿ ಕಾಣದೆ ವಾಪಸ್ ತಂದರು. ಸೋಂಕಿಲ್ಲದ ಮನುಷ್ಯನಿಗೆ ಅದನ್ನು ಕೊಟ್ಟರೆ ಕಿಡ್ನಿ ಕೆಡಬಹುದು, ಬಗ್ಗುವ ಬ್ಯಾಕ್ಟೀರಿಯಾ ಸತ್ತು ಬಗ್ಗದವು ಮಾತ್ರ ಉಳಿದು ಬೆಳೆಯಬಹುದು. ಆಮೇಲೆ ನಿಜವಾಗಿ ಸೋಂಕು ಬಂದ ದಿನ ಕೈಯಲ್ಲಿ ಏನಿರುತ್ತದೆ?

ಇದು ಒಂದು ಆಸ್ಪತ್ರೆಯ ಕಥೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಮಾಡಿದ ಪಟ್ಟಿಯಲ್ಲೂ 2024ರ ಪಟ್ಟಿಯಲ್ಲೂ ಕಾರ್ಬಪೆನಂಗೆ (ಮೆರೊಪೆನಂ ಸೇರಿದ ಔಷಧಿ ಗುಂಪು) ಬಗ್ಗದ ಅಸಿನೆಟೊಬ್ಯಾಕ್ಟರ್ ಅತಿ ಗಂಭೀರ ಗುಂಪಿನಲ್ಲೇ ಇದೆ.

ಹೊಂಗೆಮರ:
ಈಗ ಅರ್ಥ ಆಯಿತು, ಇಬ್ಬರಿಗೂ ಥ್ಯಾಂಕ್ಸ್. ಜ್ವರ ಇಲ್ಲ, ಆಕ್ಸಿಜನ್ ಕೂಡ ನಿನ್ನೆ ಇಳಿಸಿದ್ದಾರೆ. ನಮ್ಮ ಕಡೆಯಿಂದ ಏನಾದರೂ ಮಾಡಬಹುದಾ?

ರಾತ್ರಿಪಾಳಿ:
ಖಂಡಿತ. ದಿನಾ ಒಂದು ಪ್ರಶ್ನೆ ಕೇಳಿ: ಇವತ್ತು ಯಾವ ಕೊಳವೆ ತೆಗೆಯಬಹುದು? ಗಂಟಲಿನದು, ಮೂತ್ರದ್ದು, ಕತ್ತಿನ ರಕ್ತನಾಳದ್ದು, ಪ್ರತಿಯೊಂದೂ ಬ್ಯಾಕ್ಟೀರಿಯಾಗೆ ಒಳಗೆ ಬರುವ ಬಾಗಿಲು. ಮಂಪರಿನ ಔಷಧಿ ಇಳಿಸಿ ತಾವೇ ಉಸಿರಾಡುತ್ತಾರಾ ಅಂತ ನೋಡಿದ್ದೀರಾ ಅಂತಲೂ ಕೇಳಿ. ಬೇಡ ಅಂತ ಹೇಳಿಲ್ಲದಿದ್ದರೆ ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರ ಇರಬೇಕು, ಚಪ್ಪಟೆ ಮಲಗಿಸಿದ್ದು ಕಂಡರೆ ಹೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಒಳಗೆ ಹೋಗುವಾಗ, ಹೊರಗೆ ಬರುವಾಗ ಎರಡೂ ಸಲ ಸ್ಯಾನಿಟೈಸರ್ ಒಣಗುವ ತನಕ 20–30 ಸೆಕೆಂಡು ಉಜ್ಜಿ, ಹೆಬ್ಬೆರಳು, ಉಗುರಿನ ತುದಿ ಬಿಡಬೇಡಿ. ಆಮೇಲೆ ವಾರ್ಡಿಗೋ ಬೇರೆ ಆಸ್ಪತ್ರೆಗೋ ಹೋಗುವಾಗ ಈ ರಿಪೋರ್ಟ್ ಮೊದಲೇ ತೋರಿಸಿ, ಅಲ್ಲಿಯವರು ಅದನ್ನು ನೋಡಿ ಬೆಡ್ ಎಲ್ಲಿ ಕೊಡಬೇಕು ಅಂತ ನಿರ್ಧರಿಸುತ್ತಾರೆ.