ರೆಕ್ಕೆ 26 ಮೀಟರಿಂದ 59 ಮೀಟರಿಗೆ ಹೋಯಿತು, ದಕ್ಷತೆ ಎಷ್ಟು ಏರಿತು?

ಮುಂಡರಗಿ ರಸ್ತೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಪ್ಪತಗುಡ್ಡದ ಸೆರಗಿನ ಒಂದು ಹಳೇ ಗಾಳಿಯಂತ್ರ, ಬಯಲಿನ ಎರೆ ಹೊಲದಲ್ಲಿ ನಿಲ್ಲಿಸುತ್ತಿರುವ ಒಂದು ಹೊಸ ಯಂತ್ರ, ಎರಡರ ಮಾಹಿತಿ ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೇಳುತ್ತಿದ್ದೇನೆ.

ಹಳೆಯದು 800 ಕಿಲೋವ್ಯಾಟ್, ರೋಟರ್ (ತಿರುಗುವ ರೆಕ್ಕೆಗಳ ಚಕ್ರ) ವ್ಯಾಸ 53 ಮೀಟರ್, ಗೋಪುರ 75 ಮೀಟರ್. ಹೊಸದು 2100 ಕಿಲೋವ್ಯಾಟ್, ವ್ಯಾಸ 120 ಮೀಟರ್, ಗೋಪುರವೂ 120 ಮೀಟರ್. ರೆಕ್ಕೆಗಳು ಬೀಸುವ ಕ್ಷೇತ್ರ 2,206 ಚದರ ಮೀಟರಿಂದ 11,310ಕ್ಕೆ, ಅಂದರೆ 5.1 ಪಟ್ಟು ಹಿಗ್ಗಿದೆ. ಸಾಮರ್ಥ್ಯ ಮಾತ್ರ 2.6 ಪಟ್ಟು. ಹಾಗಾದರೆ ಉದ್ದ ರೆಕ್ಕೆಯ ದಕ್ಷತೆ ಕಡಿಮೆಯೇ? ಉಳಿದ ಗಾಳಿ ಎಲ್ಲಿ ಹೋಯಿತು?

ಇನ್ನೆರಡು ಪ್ರಶ್ನೆ. ಹಳೇ ಯಂತ್ರ ಸೆಕೆಂಡಿಗೆ 8 ಮೀಟರ್ ಗಾಳಿಯಲ್ಲಿ ಯಾವ ಗಾಳಿವೇಗಕ್ಕೆ ಎಷ್ಟು ವಿದ್ಯುತ್ ಬರುತ್ತದೆಂದು ತಯಾರಕರು ಕೊಟ್ಟ ಕರ್ವ್‌ಗಿಂತ ಶೇ. 15 ಕಡಿಮೆ ಕೊಡುತ್ತಿದೆ. ಇದು ರೆಕ್ಕೆಯ ದೋಷವೇ? ಅದಕ್ಕೇ ಇನ್ನಷ್ಟು ಉದ್ದದ ರೆಕ್ಕೆ ಕೂಡಿಸಲು ಬರುತ್ತದೆಯೇ?

ಲೆಕ್ಕದ ಹಾಳೆ (ಉತ್ತರ)

ದಕ್ಷತೆ ಬೇರೆ, ಸಾಮರ್ಥ್ಯ ಬಳಕೆ ಬೇರೆ. ಗೊಂದಲವೆಲ್ಲ ಇವೆರಡನ್ನು ಒಂದೇ ಎಂದುಕೊಂಡಲ್ಲಿ ಹುಟ್ಟುತ್ತದೆ.

ರೋಟರ್ ವೃತ್ತದೊಳಗೆ ಹಾಯುವ ಗಾಳಿಯ ಶಕ್ತಿಯಲ್ಲಿ ರೆಕ್ಕೆ ಎಷ್ಟು ಪಾಲು ಹಿಡಿಯುತ್ತದೋ ಅದು ದಕ್ಷತೆ. ಇದಕ್ಕೆ 16/27, ಅಂದರೆ ಶೇ. 59.3ರ ಮೇಲ್ಮಿತಿ ಇದೆ. ಬೆಟ್ಜ್ ಮಿತಿ ಅನ್ನುವುದು ಇದನ್ನೇ. ಗಾಳಿಯನ್ನು ಪೂರ್ತಿ ತಡೆದರೆ ಅದು ರೋಟರನ್ನು ಬಳಸಿ ಆಚೀಚೆ ಸರಿದು ಹೋಗುತ್ತದೆ. ಯಂತ್ರದ ಹಿಂದೆ ಗಾಳಿಯ ವೇಗ ಮುಂದಿನದರ ಮೂರನೇ ಒಂದು ಭಾಗಕ್ಕೆ ಇಳಿದಾಗ ಗರಿಷ್ಠ ಶಕ್ತಿ ಸಿಗುತ್ತದೆ. ಈ ಮಿತಿಗೆ ರೆಕ್ಕೆಯ ಉದ್ದದ ಹಂಗಿಲ್ಲ. ಜನರೇಟರ್ ನಷ್ಟ ಸೇರಿಸಿ ಎರಡೂ ಯಂತ್ರಗಳಿಗೆ ಶೇ. 44 ಎಂದು ಹಿಡಿಯಿರಿ.

ಈಗ ಸಾಮರ್ಥ್ಯವನ್ನು ಕ್ಷೇತ್ರದಿಂದ ಭಾಗಿಸಿ. ಹಳೆಯದಕ್ಕೆ ಚದರ ಮೀಟರಿಗೆ 363 ವ್ಯಾಟ್, ಹೊಸದಕ್ಕೆ 186. ಇಡೀ ವಿಷಯ ಈ ಎರಡು ಅಂಕಿಗಳಲ್ಲಿದೆ. ಗದಗ ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. 30 ಡಿಗ್ರಿ ಬಿಸಿಲಿನಲ್ಲಿ ಇಲ್ಲಿಯ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.08 ಕಿಲೋ. ಈ ಲೆಕ್ಕದಲ್ಲಿ ಹಳೇ ಯಂತ್ರ ಪೂರ್ಣ ಸಾಮರ್ಥ್ಯ ಮುಟ್ಟಲು ಸೆಕೆಂಡಿಗೆ 11.5 ಮೀಟರ್ ಗಾಳಿ ಬೇಕು, ಹೊಸದಕ್ಕೆ 9.2 ಸಾಕು. ನಿಜವಾದ ಕರ್ವ್ ತುದಿಯಲ್ಲಿ ದುಂಡಗೆ ಬಾಗುವುದರಿಂದ ಎರಡಕ್ಕೂ ಒಂದೆರಡು ಮೀಟರ್ ಹೆಚ್ಚೇ ಬೇಕಾಗುತ್ತದೆ. ಆ ವೇಗ ದಾಟಿದ ಮೇಲೆ ರೆಕ್ಕೆ ತನ್ನ ಪಿಚ್, ಅಂದರೆ ಬುಡದಲ್ಲಿ ಹೊರಳುವ ಕೋನ, ತಿರುಗಿಸಿ ಬೇಡದ ಗಾಳಿಯನ್ನು ಬಿಟ್ಟುಕೊಡುತ್ತದೆ. ನೀವು ಕೇಳಿದ 'ಉಳಿದ ಗಾಳಿ' ಇದೇ. ಬೇಕೆಂದೇ ಬಿಟ್ಟದ್ದು.

ಹೀಗೇಕೆ ಮಾಡುತ್ತಾರೆ? ನಮ್ಮಲ್ಲಿ ಜೋರು ಗಾಳಿ ಜೂನ್‌ನಿಂದ ಆಗಸ್ಟ್‌ವರೆಗೆ. ಉಳಿದ ತಿಂಗಳು ಬಹುಪಾಲು 5, 6 ಮೀಟರಿನ ಸಾಧಾರಣ ಗಾಳಿ. 6 ಮೀಟರ್ ಗಾಳಿಯಲ್ಲಿ ಹಳೆಯದು ಸುಮಾರು 113 ಕಿಲೋವ್ಯಾಟ್ ಕೊಟ್ಟರೆ, ಅಂದರೆ ಸಾಮರ್ಥ್ಯದ ಶೇ. 14, ಹೊಸದು 580 ಕೊಡುತ್ತದೆ, ಶೇ. 28. ಜನರೇಟರ್, ಟ್ರಾನ್ಸ್‌ಫಾರ್ಮರ್, ಲೈನು ವರ್ಷದ ಹೆಚ್ಚು ದಿನ ದುಡಿಯುತ್ತವೆ. ಉದ್ದ ರೆಕ್ಕೆಯ ನಿಜವಾದ ಲಾಭ ಇದು.

ಗೋಪುರದ ಎತ್ತರದ್ದೂ ಒಂದು ಪಾಲಿದೆ. ಸಪಾಟು ಬಯಲಿನಲ್ಲಿ ಏಳನೇ ಒಂದರ ಘಾತದ ನಿಯಮ (ಗಾಳಿಯ ವೇಗ ಎತ್ತರದ 1/7ನೇ ಘಾತಕ್ಕೆ ತಕ್ಕಂತೆ ಏರುತ್ತದೆ) ಹಿಡಿದರೆ 75ರಿಂದ 120 ಮೀಟರಿಗೆ ಏರಿದಾಗ ಗಾಳಿಯ ವೇಗ ಶೇ. 7, ಶಕ್ತಿ ಶೇ. 22 ಹೆಚ್ಚುತ್ತದೆ. ಗುಡ್ಡದ ನೆತ್ತಿಯಲ್ಲಿ ಗಾಳಿ ಕೆಳಗಿನಿಂದಲೇ ಒತ್ತರಿಸಿ ವೇಗ ಪಡೆದಿರುತ್ತದೆ, ಅಲ್ಲಿ ಎತ್ತರದಿಂದ ಇಷ್ಟು ಲಾಭವಿಲ್ಲ. ಬಯಲು ಹೊಲಗಳಲ್ಲಿ ಎತ್ತರದ ಗೋಪುರ, ಉದ್ದದ ರೆಕ್ಕೆ ಏಕೆ ಬೇಕು ಅನ್ನುವುದಕ್ಕೂ ಇದೇ ಉತ್ತರ.

ಪಿಚ್ ಬೇರಿಂಗ್

ನೋಡ್ರಿ ಸರ, ಬ್ಲೇಡ್ ಮ್ಯಾಲ ಮಂದಿ ಇಳಸೂಕಿಂತ ಮೊದಲ ಹಾಳಿ ಮ್ಯಾಲಿನ ಲೆಕ್ಕ ಮುಗಸ್ರಿ. ಕಂಪನಿ ಕರ್ವ್ 1.225 ಸಾಂದ್ರತೆಗೆ ಬರದಿರ್ತೈತಿ. ಅದು ಸಮುದ್ರ ಮಟ್ಟ, 15 ಡಿಗ್ರಿ. ನಮ್ಮ ಗಾಳಿ 1.08. ಅಷ್ಟರಾಗ ಶೇ. 12 ಹೋತು. ಅದು ದೋಷ ಅಲ್ಲ.

ತಿದ್ದೂದು ಹಿಂಗ: ಹತ್ತು ನಿಮಿಷದ ಸರಾಸರಿ ಡೇಟಾ ತಗೋರಿ. ಯಂತ್ರ ನಿಂತಿದ್ದು, ಗ್ರಿಡ್ ಹೋಗಿದ್ದು, ಲೋಡ್ ಇಳಿಸಿದ್ದು ಎಲ್ಲಾ ತಗದು ಹಾಕ್ರಿ. ಹೊರಗಿನ ಉಷ್ಣಾಂಶ, ವಾಯು ಒತ್ತಡದಿಂದ ಪ್ರತಿ ಸಾಲಿಗೂ ಸಾಂದ್ರತೆ ತಗೀರಿ. ಅದನ್ನ 1.225ರಿಂದ ಭಾಗಿಸಿ, ಘನಮೂಲ ತಗದು, ಗಾಳಿ ವೇಗಕ್ಕ ಗುಣಿಸ್ರಿ. 1.08 ಇದ್ದಾಗ 8 ಮೀಟರ್ ಗಾಳಿ 7.67 ಆಗ್ತೈತಿ. ಆಮ್ಯಾಲ ಅರ್ಧ ಅರ್ಧ ಮೀಟರಿನ ಖಾನೆ ಮಾಡಿ ಸರಾಸರಿ ಹಾಕಿ ಕರ್ವ್‌ಗೆ ಹೋಲಿಸ್ರಿ.

ಇನ್ನೊಂದು: ನಸೆಲ್, ಅಂದ್ರ ಗೋಪುರದ ತುದಿಯ ಯಂತ್ರದ ಪೆಟ್ಟಿಗಿ, ಅದರ ಮ್ಯಾಲಿನ ಗಾಳಿಮಾಪಕ ರೆಕ್ಕಿ ಹಿಂದ ಇರ್ತೈತಿ. ಅದನ್ನ ಬದಲಿಸಿ ತಿದ್ದುಪಡಿ ಅಂಕಿ ಹಳೇವ ಬಿಟ್ಟಿದ್ರ, ಕರ್ವ್ ಪೂರ್ತಿ ಸರಿದಂಗ ಕಾಣ್ತೈತಿ. ಬಾಜೂ ಯಂತ್ರದ ಜೋಡಿ ಹೋಲಿಸಿದ್ರ ಇದು ಲಗೂನ ಗೊತ್ತಾಗ್ತೈತಿ.

ಗೋಪುರದ ಬುಡ

ಹಳೇ ಯಂತ್ರಕ್ಕೆ ಉದ್ದ ರೆಕ್ಕೆ ಕೂಡಿಸುವ ಮೂರನೇ ಪ್ರಶ್ನೆಗೆ ಉತ್ತರ: ನಿಮ್ಮಷ್ಟಕ್ಕೆ ನೀವು ಖಂಡಿತ ಮಾಡಬೇಡಿ.

ರೆಕ್ಕೆಯನ್ನು ಶೇ. 10 ಉದ್ದ ಮಾಡಿದರೆ ಕ್ಷೇತ್ರ ಶೇ. 21 ಹೆಚ್ಚುತ್ತದೆ. ಅದೇ ಗಾಳಿಗೆ ಗೋಪುರವನ್ನು ಹಿಂದಕ್ಕೆ ತಳ್ಳುವ ಬಲವೂ ಅಷ್ಟೇ ಹೆಚ್ಚುತ್ತದೆ. ರೆಕ್ಕೆಯ ಬುಡವನ್ನು ಬಗ್ಗಿಸುವ ಬಲ ಉದ್ದದ ಘನಕ್ಕೆ ತಕ್ಕಂತೆ ಏರುವುದರಿಂದ ಅಲ್ಲಿ ಶೇ. 33 ಏರಿಕೆ. ಬುಡದ ಬೋಲ್ಟು, ಪಿಚ್ ಬೇರಿಂಗ್, ಮುಖ್ಯ ಬೇರಿಂಗ್, ಗೋಪುರದ ವೆಲ್ಡಿಂಗ್, ಕಾಂಕ್ರೀಟ್ ಬುನಾದಿ, ಯಾವುದೂ ಈ ಭಾರಕ್ಕೆ ವಿನ್ಯಾಸಗೊಂಡಿಲ್ಲ.

ತುದಿಯ ವೇಗವನ್ನೂ ನೋಡಿ. 53 ಮೀಟರಿನ ರೋಟರ್ ನಿಮಿಷಕ್ಕೆ 28 ಸುತ್ತು ತಿರುಗಿದರೆ ರೆಕ್ಕೆಯ ತುದಿ ಸೆಕೆಂಡಿಗೆ 78 ಮೀಟರ್ ಓಡುತ್ತದೆ. 120 ಮೀಟರಿನದು 13 ಸುತ್ತಿಗೇ 82 ಮೀಟರ್, ಅಂದರೆ ಗಂಟೆಗೆ 295 ಕಿಲೋಮೀಟರ್. ದೂರದಿಂದ ನೋಡಿದವರಿಗೆ ದೊಡ್ಡದು ಸಾವಕಾಶ ತಿರುಗುವಂತೆ ಕಾಣುತ್ತದೆ, ಅಷ್ಟೆ. ಸದ್ದು, ಸವೆತ ಎರಡೂ ತುದಿಯ ವೇಗದ ಜೊತೆ ಏರುವುದರಿಂದ ರೆಕ್ಕೆ ಉದ್ದವಾದಂತೆ ಸುತ್ತು ಇಳಿಸಲೇಬೇಕು. ಸುತ್ತು ಇಳಿದರೆ ಶಾಫ್ಟಿನ ಮೇಲಿನ ತಿರುಚು ಬಲ ಏರುತ್ತದೆ. ನಿಮ್ಮ ಎರಡು ಯಂತ್ರಗಳಲ್ಲಿ ಸಾಮರ್ಥ್ಯದ ಅಂತರ 2.6 ಪಟ್ಟಾದರೂ ಶಾಫ್ಟಿನ ತಿರುಚು ಬಲದ ಅಂತರ ಸುಮಾರು 5.6 ಪಟ್ಟು.

ಉದ್ದ ರೆಕ್ಕೆಗೆ ತನ್ನ ತೂಕವೇ ಶತ್ರು. ಆಕಾರ ಹಾಗೇ ಇಟ್ಟು ಹಿಗ್ಗಿಸಿದರೆ ತೂಕ ಉದ್ದದ ಘನಕ್ಕೆ ಏರುತ್ತದೆ, ಹಿಡಿಯುವ ಗಾಳಿ ವರ್ಗಕ್ಕೆ ಮಾತ್ರ. ಮೇಲಾಗಿ ಪ್ರತಿ ಸುತ್ತಿಗೂ ತೂಕದ ಎಳೆತ ಒಮ್ಮೆ ಈ ಅಂಚಿಗೆ, ಒಮ್ಮೆ ಆ ಅಂಚಿಗೆ ಬೀಳುತ್ತದೆ. ನಿಮಿಷಕ್ಕೆ 13 ಸುತ್ತಿನಂತೆ ಬಿಡದೆ ತಿರುಗಿದರೆ 20 ವರ್ಷಕ್ಕೆ 13 ಕೋಟಿಗೂ ಮೀರಿದ ಸಲ. ಅದಕ್ಕೇ ಗಾಜಿನ ನಾರು, ರಾಳದ ಚಿಪ್ಪಿನ ನಡುವೆ ಹಗುರ ಬಾಲ್ಸಾ ಮರ ಅಥವಾ ಫೋಮ್ ತುಂಬುತ್ತಾರೆ, ಉದ್ದ ರೆಕ್ಕೆಗಳ ಬೆನ್ನೆಲುಬಿನ ಪಟ್ಟಿಗೆ ಕಾರ್ಬನ್ ನಾರನ್ನೂ ಬಳಸುತ್ತಾರೆ.

ಹಳೇ ಜಾಗಕ್ಕೆ ಉದ್ದ ರೆಕ್ಕೆಯೇ ಬೇಕೆಂದರೆ ರೀಪವರಿಂಗ್ ದಾರಿ: ಯಂತ್ರ, ಗೋಪುರ, ಬುನಾದಿ ಎಲ್ಲವೂ ಹೊಸದು. ಆಗ ಯಂತ್ರಗಳ ನಡುವಿನ ಅಂತರವನ್ನೂ ಹೊಸ ವ್ಯಾಸಕ್ಕೆ ಲೆಕ್ಕ ಹಾಕಬೇಕು. ಗಾಳಿ ಬರುವ ದಿಕ್ಕಿಗೆ 7 ವ್ಯಾಸ ಬಿಡುವುದಾದರೆ 53 ಮೀಟರಿಗೆ 371 ಮೀಟರ್ ಸಾಕಿತ್ತು, 120ಕ್ಕೆ 840 ಮೀಟರ್ ಬೇಕು. ಹಳೆಯದರಷ್ಟೇ ಸಂಖ್ಯೆಯ ಯಂತ್ರಗಳು ಅಲ್ಲಿ ಹಿಡಿಸುವುದಿಲ್ಲ.

ಮುಂಡರಗಿ ರಸ್ತೆ

ಮೂವರ ಲೆಕ್ಕವೂ ಸರಿ ಬಂತು, ತುಂಬಾ ಉಪಕಾರ. ಸಾಂದ್ರತೆ ತಿದ್ದಿದ ಮೇಲೆ ಶೇ. 15ರ ಕೊರತೆ 4ಕ್ಕೆ ಇಳಿಯಿತು. ಬಾಜೂ ಯಂತ್ರದ ಜೊತೆ ಹೋಲಿಸಿದರೂ ಅಷ್ಟೇ ಉಳಿಯುತ್ತದೆ. ಈ 4 ಎಲ್ಲಿಂದ?

ಪಿಚ್ ಬೇರಿಂಗ್

ಇದು ನಿಜವಾದ ನಷ್ಟ. ಖರ್ಚು ಕಡಿಮಿ ಇದ್ದದ್ದು ಮೊದಲ ನೋಡ್ರಿ.

ಮೊದಲು ಯಾ, ಅಂದ್ರ ನಸೆಲ್ ಗಾಳಿಗೆ ನೆಟ್ಟಗ ಮಾರಿ ಮಾಡೇತೇನು ಅನ್ನೂದು. 10 ಡಿಗ್ರಿ ಓರಿ ಆದ್ರ ಶೇ. 3ರಿಂದ 4.5 ಹೋಗ್ತೈತಿ. ದಿಕ್ಕಿನ ಸೂಚಿ ಸಡಿಲಾಗಿ ತಿರುಗಿದ್ರ ಸಾಕು. ನಿಮ್ಮ ಅಂಕಿಗೆ ಇದು ಬರೋಬ್ಬರಿ ಕೂಡತೈತಿ.

ಎರಡನೇದು ಪಿಚ್. ಬ್ಲೇಡ್ ಬುಡದ ಸೊನ್ನೆ ಗುರುತು, ಹಬ್ (ಬ್ಲೇಡ್ ಕೂಡೂ ನಡುವಿನ ಗುಂಬ) ಗುರುತು ಮೂರೂ ಬ್ಲೇಡಿಗೆ ಕೂಡಸಿ ನೋಡ್ರಿ. ಒಂದ ಬ್ಲೇಡ್ ಅರ್ಧ ಡಿಗ್ರಿ ಬ್ಯಾರೆ ಇದ್ರೂ ಬಿಡಬ್ಯಾಡ್ರಿ. ಪ್ರತಿ ಸುತ್ತಿಗೊಮ್ಮೆ ಗೋಪುರ ಅಲಗತೈತಿ, ಬೇರಿಂಗ್ ತಿಂತೈತಿ.

ಮೂರನೇದು ಮುಂಬದಿ ಅಂಚಿನ ಸವೆತ. ಬ್ಯಾಸಗಿ ಧೂಳು, ಮ್ಯಾಲ ಮಳಿ ಹನಿ 78 ಮೀಟರ್ ವೇಗದಾಗ ಬಡೀತಾವ. ತುದಿ ಕಡೆ ಮೂರನೇ ಒಂದು ಭಾಗ ಮೊದಲ ಹಾಳಾಗತೈತಿ. ಅಂಚು ಒರಟಾದ್ರ ಗಾಳಿ ಮೈಗಂಟಿ ಹರಿಯೂದಿಲ್ಲ, ಎತ್ತುವ ಬಲ ಇಳಿದು ತಡೆ ಏರ್ತೈತಿ. ವರ್ಷದ ಉತ್ಪಾದನಿಯೊಳಗ ಶೇ. 1ರಿಂದ 5ರ ತನಕ ಹೋಗಬಹುದು. ದೊಡ್ಡ ಮಳಿ ಆದ ವಾರ ಉತ್ಪಾದನಿ ಸುಧಾರಿಸಿದ್ರ ಅದು ಬರೇ ಧೂಳು. ಸುಧಾರಿಸಲಿಲ್ಲಂದ್ರ ಸವೆತ.

ದುರಸ್ತಿ ಫೆಬ್ರವರಿಯಿಂದ ಏಪ್ರಿಲ್ ಒಳಗ ಮುಗಸ್ರಿ. ಗಾಳಿ ಕಡಿಮಿ, ಯಂತ್ರ ನಿಲ್ಲಿಸಿದ ನಷ್ಟಾನೂ ಕಡಿಮಿ. ಬ್ಲೇಡ್ ಕೆಳಮುಖ ಮಾಡಿ ರೋಟರ್ ಲಾಕ್ ಪಿನ್ ಹಾಕಿ, ವಿದ್ಯುತ್ ಬೀಗ ಹಾಕಿದ ಮ್ಯಾಲೇ ಹಗ್ಗದ ಮಂದಿ ಇಳೀಬೇಕು. 80ರಿಂದ 120 ನಂಬರಿನ ಉಜ್ಜುಕಾಗದದಿಂದ ಸಡಿಲ ಬಣ್ಣ ತಗೀರಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರಸ್ರಿ, ಫಿಲ್ಲರ್ ತುಂಬಿ ಮೂಲ ಆಕಾರಕ್ಕ ತರ್ರಿ, ಮ್ಯಾಲ ಎರಡು ಭಾಗ ಕಲಸೂ ಪಾಲಿಯುರೆಥೇನ್ ಲೇಪ ಕೊಡ್ರಿ. ತೇವಾಂಶ ಶೇ. 80ರ ಕೆಳಗ ಇರಬೇಕು, ಬ್ಲೇಡ್ ಮೈ ಇಬ್ಬನಿ ಬಿಂದುವಿಗಿಂತ 3 ಡಿಗ್ರಿ ಬಿಸಿ ಇರಬೇಕು. ಮುಂಜಾನೆ ಲಗೂ ಹಚ್ಚಿದ ಲೇಪ ಸುಲಿದು ಬೀಳೂದು ಇದಕ್ಕ. ಫಿಲ್ಲರ್ ದಪ್ಪಾಗಿ ಆಕಾರ ಕೆಟ್ರ ಸವೆತಕ್ಕಿಂತ ನಷ್ಟ ಜಾಸ್ತಿ. ಗಾಜಿನ ನಾರು ಕಂಡ್ರ ಬರೇ ಲೇಪ ಹಚ್ಚಿ ಮುಚ್ಚಬ್ಯಾಡ್ರಿ. ಅಲ್ಲಿ ಪದರ ಪದರ ಮೆಟ್ಟಿಲಿನಂಗ ಕೆತ್ತಿ ಹೊಸ ನಾರು ಕೂಡಿಸಬೇಕು.

ಮಂದಿ ಇಳಿದಾಗ ತುದಿಯ ನೀರು ಸೋರೂ ತೂತನ್ನೂ ಸ್ವಚ್ಛ ಮಾಡಸ್ರಿ. ಮಣ್ಣು ಕಟ್ಟಿ ಒಳಗ ನೀರು ನಿಂತ್ರ, ಸಿಡಿಲು ಬಡಿದಾಗ ಅದು ಒಮ್ಮೆಲೆ ಉಗಿ ಆಗಿ ತುದಿ ಸೀಳತೈತಿ. ಸಿಡಿಲು ಹಿಡಿಯೂ ತುದಿಯ ಲೋಹದ ಬಿಲ್ಲೆ, ಅಂದ್ರ ರಿಸೆಪ್ಟರಿನಿಂದ ಬುಡದ ತನಕ ತಂತಿ ಕಡದಿಲ್ಲಂತ ಅಳಸ್ರಿ. ಬುಡದ ಅರ್ಥಿಂಗ್ 10 ಓಮ್‌ಗಿಂತ ಕಡಿಮಿ ಬರಬೇಕು. ಬ್ಯಾಸಗ್ಯಾಗ ನೆಲ ಒಣಗಿದಾಗ ಅಳದ್ರ ಖರೇ ಅಂಕಿ ಸಿಗತೈತಿ.